ಚಿಕ್ಕವ್ವನ ಗುಳಿಗೆ

ಚಿಕ್ಕವ್ವ ಗುಳಿಗೆ ಡಬ್ಬಿಯನ್ನು ರಾಗಿಹಿಟ್ಟಿನೊಳಗೆ ಹೂತಿಡುತ್ತಿದ್ದಳು. ಗುಂಡ್ಲುಪೇಟೆ ಮಗ್ಗುಲಿನ ನಮ್ಮ ಕೇರಿಗೆ ಗೊತ್ತಾಗಬಾರದಿತ್ತು. ನಾನು ಬಿ.ಎ. ಓದುವಾಗ, ಅದರ ಮೇಲಿನ ಇಂಗ್ಲಿಷು ಓದು ಅಂತ ತಾನೇ ತಂದು ತೋರಿಸಿದಳು. ಎಚ್‌ಐವಿ ಗುಳಿಗೆ.

2004ರಿಂದ ಸರ್ಕಾರ ಇದನ್ನು ಪುಕ್ಕಟೆ ಕೊಡುತ್ತಿದೆ. ಎಂಥ ಪುಕ್ಕಟೆ? ಚಾಮರಾಜನಗರಕ್ಕೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು. ವಯನಾಡಿಗೆ ಶುಂಠಿ ಕೀಳಲು ಹೋದರೆ ಹತ್ತು ಜನ ಮಲಗುವ ಶೆಡ್ಡು. ಬೆಳಿಗ್ಗೆ ಒಂದು, ರಾತ್ರಿ ಒಂದು, ಎಲ್ಲರ ಕಣ್ಣೆದುರು ನುಂಗುವುದು ಹೇಗೆ, ನೀವೇ ಹೇಳಿ. ಬಿಟ್ಟಳು. ಊರಿಗೆ ಬಂದು ನುಂಗಿದಳು. ಮತ್ತೆ ಬಿಟ್ಟಳು.

ವೈರಸ್ಸು ತನ್ನ ನಕಲು ತಾನೇ ಮಾಡಿಕೊಳ್ಳುವಾಗ ತಪ್ಪುತ್ತದೆ. ಅಂಥ ತಪ್ಪಿನಲ್ಲಿ ಹುಟ್ಟಿದ ಒಂದೊಂದು ಮದ್ದಿಗೆ ಬಗ್ಗುವುದಿಲ್ಲ. ಮೂರು ಮದ್ದು ಕೂಡಿದ್ದರೆ ಅದರ ಆಟ ನಡೆಯದು. ಚಿಕ್ಕವ್ವ ಬಿಟ್ಟಾಗ ಜಿಡೊವುಡಿನ್, ಲಾಮಿವುಡಿನ್ ರಕ್ತದಿಂದ ಬೇಗ ಹೋಗುತ್ತಿದ್ದವು. ನೆವಿರಪಿನ್ ಮಾತ್ರ ದಿನಗಟ್ಟಲೆ ಉಳಿಯುತ್ತಿತ್ತು, ಒಂಟಿಯಾಗಿ. ಆ ಒಂಟಿಯನ್ನು ಗೆಲ್ಲಲು ವೈರಸ್ಸಿಗೆ ಒಂದೇ ತಪ್ಪು ಸಾಕು.

ಗುಳಿಗೆ ನಾಟುತ್ತಿಲ್ಲ ಎಂದಾಗ ಆಸ್ಪತ್ರೆಯವರೊಬ್ಬರು, ‘ನೀನೇ ಕೆಡಿಸ್ಕೊಂಡೆ’ ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಪದವೀಧರ, ಕವಿ ಬೇರೆ. ಬಾಯಿ ಬರಲಿಲ್ಲ. ಬಸ್ಸಿನಲ್ಲಿ ಚಿಕ್ಕವ್ವನೇ ಅಂದಳು: ‘ಉಳ್ದ ಗುಳ್ಗೆ ಎಣ್ಸುದ್ರು ಕನ ಮಗ. ಕೆಟ್ಟೋದ ಕೂಲಿ ಎಣಿಸ್ನಿಲ್ಲ.’

ಆಮೇಲೆ ಗುಳಿಗೆ ಬದಲಾಯಿತು. ಈಗ ಡೊಲುಟೆಗ್ರಾವಿರ್ ಸೇರಿದ್ದು, ದಿನಕ್ಕೊಂದೇ. ಅದನ್ನು ಮೀರುವುದು ವೈರಸ್ಸಿಗೆ ಅಷ್ಟು ಸಲೀಸಲ್ಲ. ಚಿಕ್ಕವ್ವ ಗಟ್ಟಿಯಾಗಿದ್ದಾಳೆ. ಮೊನ್ನೆ ಮತ್ತೆ ಶುಂಠಿ ಕೆಲಸಕ್ಕೆ ಹೊರಟಳು, ಡಬ್ಬಿಯನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು.