ಗಾಲಿಯ ಅಳತೆ

ಪಾದರಕ್ಷೆಯನ್ನು ಕೊಳ್ಳುವವನು ಮೊದಲು ತನ್ನ ಪಾದವನ್ನು ನೋಡಿಕೊಳ್ಳುತ್ತಾನೆ. ಅಂಗಡಿಯಲ್ಲಿ ಎಷ್ಟೇ ಅಂದವಾದ ಜೋಡು ಕಣ್ಣಿಗೆ ಬಿದ್ದರೂ, ಎರಡು ಬೆರಳು ದೊಡ್ಡದಾದುದನ್ನು ಮೆಟ್ಟಿಕೊಂಡು ಮನೆಗೆ ನಡೆಯುವವರು ವಿರಳ. ಮೋಟಾರು ಗಾಡಿಯ ವಿಷಯದಲ್ಲಿ ಮಾತ್ರ ಈ ವಿವೇಕವು ಎಷ್ಟೋ ಮಂದಿಗೆ ಹೊಳೆಯುವುದಿಲ್ಲ. ಗಾಡಿಯ ಬಣ್ಣ, ಯಂತ್ರದ ಬಲ, ಒಳಗಣ ಮೆತ್ತೆಯ ಸುಖ ಇವುಗಳನ್ನು ಕುರಿತು ತಿಂಗಳುಗಟ್ಟಲೆ ಚರ್ಚಿಸುವ ಗೃಹಸ್ಥರು, ನೆಲವನ್ನು ಮುಟ್ಟುವ ಏಕೈಕ ವಸ್ತುವಾದ ಟಯರನ್ನು ಅದು ಕೈಕೊಡುವವರೆಗೆ ನೆನೆಯುವುದಿಲ್ಲ. ನೆನೆದಾಗಲೂ ಅದರ ಅಂದವನ್ನು ನೆನೆಯುತ್ತಾರೆ, ಅಳತೆಯನ್ನಲ್ಲ. ಮೈಸೂರಿನ ಒಂದು ಕುಟುಂಬಕ್ಕೆ 2025ನೆಯ ಇಸವಿಯ ಆಷಾಢದಲ್ಲಿ ಒದಗಿದ ಅನುಭವವು ಈ ಮಾತಿಗೆ ನಿದರ್ಶನವಾಗಿದೆ.

ಆ ಮನೆಯ ಯಜಮಾನರು ಲೆಕ್ಕಪತ್ರದ ಕೆಲಸದಲ್ಲಿ ಮೂವತ್ತು ವರ್ಷ ದುಡಿದು ವಿಶ್ರಾಂತರಾದವರು. ಮಗನು ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಅವನಲ್ಲಿ ತಗ್ಗಾದ ಮೈಕಟ್ಟಿನ, ಬಲವಾದ ಯಂತ್ರವುಳ್ಳ ಒಂದು ಸೆಡಾನು ಇದ್ದಿತು. ಕುದುರೆಯನ್ನು ಸಾಕಿದವನು ಅದರ ಕೇಸರವನ್ನು ತಡವುವಂತೆ ಅವನು ಭಾನುವಾರಗಳಲ್ಲಿ ಅದರ ಮೈಯನ್ನು ತಾನೇ ಒರೆಸುತ್ತಿದ್ದನು. ಆಷಾಢದ ಒಂದು ಸಂಜೆ ಎಲ್ಲರೂ ಅದರಲ್ಲಿ ಕುಳಿತು ಪುತ್ತೂರಿನಲ್ಲಿರುವ ಮಗಳ ಮನೆಗೆ ಹೊರಟಿದ್ದರು. ಮಡಿಕೇರಿಯನ್ನು ದಾಟಿ ಸಂಪಾಜೆಯ ಕಡೆಗೆ ಇಳಿಯುತ್ತಿರುವಾಗ ಮಳೆಯು ಮುಸಲಧಾರೆಯಾಗಿ ಸುರಿಯತೊಡಗಿತು. ಒಂದು ತಿರುವಿನಲ್ಲಿ ಮಗನು ಬ್ರೇಕನ್ನು ಮೆಲ್ಲನೆ ಒತ್ತಿದನು. ಗಾಡಿಯ ಮುಂಭಾಗವು ಅವನ ಮಾತನ್ನು ಕೇಳಿತು, ಹಿಂಭಾಗವು ಕೇಳಲಿಲ್ಲ. ಅದು ಕಣಿವೆಯ ಕಡೆಗೆ ಎರಡು ಮೊಳದಷ್ಟು ಜಾರಿ, ದೈವವಶದಿಂದ ಮತ್ತೆ ನೆಲವನ್ನು ಹಿಡಿದು ನೆಟ್ಟಗಾಯಿತು. ಹಿಂದಿನ ಆಸನದಲ್ಲಿ ಸೊಸೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ನಾಲ್ಕು ವರ್ಷದ ಮಗುವು ಎಚ್ಚರಗೊಳ್ಳಲಿಲ್ಲ. ಸುಳ್ಯವು ಬರುವವರೆಗೆ ಯಾರೂ ಮಾತನಾಡಲಿಲ್ಲ.

ಮರುದಿನ ಬೆಳಿಗ್ಗೆ ತಂದೆ ಮಕ್ಕಳಿಬ್ಬರೂ ಟಯರಿನ ಅಂಗಡಿಗೆ ಹೋದರು. ಅಂಗಡಿಯ ಗೋಡೆಯ ಮೇಲೆ ಕಪ್ಪು ಬಣ್ಣದ ರಿಮ್ಮುಗಳು ಸಾಲಾಗಿ ತೂಗುತ್ತಿದ್ದವು. ಮಗನು ಅವುಗಳ ಕಡೆಗೆ ಕೈ ತೋರಿಸಿ, "ಅಪ್ಪಾ, ಹೇಗೂ ಟಯರು ಹಾಕಿಸಲೇಬೇಕು. ಈಗಿರುವುದು 16 ಅಂಗುಲದ ಗಾಲಿ. 18 ಅಂಗುಲದ್ದನ್ನು ಹಾಕಿಸಿಬಿಡೋಣ. ಅಗಲವೂ ಹೆಚ್ಚು, ಹಿಡಿತವೂ ಹೆಚ್ಚು" ಎಂದನು. ಅವನಿಗೆ ಎರಡು ವರ್ಷಗಳಿಂದ ಇದ್ದ ಆಸೆಯದು. ತಂದೆಯವರು ಅಲ್ಲವೆನ್ನಲಿಲ್ಲ. ಕನ್ನಡಕವನ್ನು ಏರಿಸಿಕೊಂಡು ಗಾಡಿಯ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು, ಟಯರಿನ ಮಗ್ಗುಲಿನ ಬರಹವನ್ನು ಗಟ್ಟಿಯಾಗಿ ಓದಿದರು: 205/55 ಆರ್ 16, 91 ವಿ. "ಇದರ ಅರ್ಥವೇನು?" ಎಂದು ಅಂಗಡಿಯವನನ್ನು ಕೇಳಿದರು.

ಸೂತ್ರಗ್ರಂಥಗಳಲ್ಲಿ ಒಂದಕ್ಷರವೂ ವ್ಯರ್ಥವಾಗಿರುವುದಿಲ್ಲ. ಆದರೆ ಭಾಷ್ಯವಿಲ್ಲದೆ ಅವು ತೆರೆದುಕೊಳ್ಳುವುದೂ ಇಲ್ಲ. ಟಯರಿನ ಮೇಲಣ ಬರಹವೂ ಅಂಥದೇ. ಅಂಗಡಿಯವನ ಭಾಷ್ಯವು ಹೀಗಿದ್ದಿತು. 205 ಎಂಬುದು ಟಯರಿನ ಅಗಲ, ಮಿಲಿಮೀಟರುಗಳಲ್ಲಿ. 55 ಎಂಬುದು ಮಿಲಿಮೀಟರಲ್ಲ. ಅಗಲದ ನೂರರಲ್ಲಿ 55 ಪಾಲು ಮಗ್ಗುಲಿನ ಎತ್ತರವೆಂದು ಅದರ ಅರ್ಥ. 'ಆರ್' ಎಂದರೆ ರೇಡಿಯಲ್, ಎಂದರೆ ಒಳಗಣ ನೂಲುಗಳು ಚಕ್ರದ ಅರಗಳಂತೆ ಅಡ್ಡವಾಗಿ ಹಾಯ್ದಿರುವ ಕಟ್ಟಡ. 16 ಎಂಬುದು ರಿಮ್ಮಿನ ಅಡ್ಡಳತೆ, ಅಂಗುಲಗಳಲ್ಲಿ. 91 ಎಂಬುದು ಭಾರದ ಸಂಕೇತ. ಅಂಥ ಒಂದು ಟಯರು 615 ಕಿಲೋಗ್ರಾಂ ಹೊರಬಲ್ಲದು. 'ವಿ' ಎಂಬುದು ವೇಗದ ಸಂಕೇತ. ಗಂಟೆಗೆ 240 ಕಿಲೋಮೀಟರು ಅದರ ಮಿತಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಅಂಗುಲ ಮೂರೂ ಕಲೆತಿರುವುದನ್ನು ಕಂಡು ಲೆಕ್ಕಪತ್ರದ ಹಿರಿಯರಿಗೆ ಬೆರಗಾಯಿತು. ಅವರು ಜೇಬಿನಲ್ಲಿದ್ದ ಮದುವೆಯ ಆಹ್ವಾನಪತ್ರಿಕೆಯ ಬೆನ್ನಿನ ಮೇಲೆ ಬರೆಯತೊಡಗಿದರು.

205ರಲ್ಲಿ ಶೇಕಡಾ 55 ಎಂದರೆ 112.75 ಮಿಲಿಮೀಟರು. ರಿಮ್ಮಿನ ಮೇಲೊಂದು ಮಗ್ಗುಲು, ಕೆಳಗೊಂದು ಮಗ್ಗುಲು, ಎರಡೂ ಸೇರಿ 225.5. ಅಂಗುಲಕ್ಕೆ 25.4ರಂತೆ 16 ಅಂಗುಲಕ್ಕೆ 406.4. ಒಟ್ಟು ಗಾಲಿಯ ಎತ್ತರ 631.9 ಮಿಲಿಮೀಟರು. ಉಳಿದೆಲ್ಲ ಅಂಕೆಗಳನ್ನು ಹಾಗೆಯೇ ಇಟ್ಟುಕೊಂಡು ರಿಮ್ಮನ್ನು ಮಾತ್ರ ಒಂದಂಗುಲ ದೊಡ್ಡದು ಮಾಡಿದರೆ ಎತ್ತರವು 657.3 ಆಗುತ್ತದೆ; ಎಂದರೆ ನೂರಕ್ಕೆ ನಾಲ್ಕು ಹೆಚ್ಚು. ಆಗ ವೇಗದ ಮುಳ್ಳು 100ನ್ನು ತೋರಿಸುವಾಗ ಗಾಡಿಯು ಮೊದಲಿಗಿಂತ ನೂರಕ್ಕೆ ನಾಲ್ಕರಷ್ಟು ಹೆಚ್ಚಾಗಿ ಓಡುತ್ತಿರುತ್ತದೆ. ತಿರುವಿನಲ್ಲಿ ಟಯರು ಮೇಲಣ ಹೊದಿಕೆಗೆ ಉಜ್ಜಿದರೂ ಉಜ್ಜೀತು. ಆದುದರಿಂದ ಬಲ್ಲವರು ರಿಮ್ಮನ್ನು ಹಿಗ್ಗಿಸಿದಂತೆ ಮಗ್ಗುಲನ್ನು ಕುಗ್ಗಿಸುತ್ತಾರೆ. 225/45 ಆರ್ 17ರ ಎತ್ತರ 634.3, 225/40 ಆರ್ 18ರ ಎತ್ತರ 637.2. ಮೊದಲಿನ ಅಳತೆಗೂ ಇವಕ್ಕೂ ಇರುವ ವ್ಯತ್ಯಾಸ ನೂರಕ್ಕೆ ಒಂದಕ್ಕಿಂತ ಕಡಿಮೆ.

"ನೋಡಿದಿರಾ, ನಾನು ಹೇಳಿದ್ದೂ ಅದನ್ನೇ. ಒಟ್ಟು ಅಳತೆ ಕೆಡುವುದಿಲ್ಲ" ಎಂದು ಮಗನು ಉತ್ಸಾಹದಿಂದ ನುಡಿದನು.

ತಂದೆಯವರು ಎರಡು ಮೊತ್ತಗಳನ್ನೂ ಮತ್ತೊಮ್ಮೆ ನೋಡಿದರು. "ಮೊತ್ತ ಸರಿಯಾಗಿದೆಯಪ್ಪಾ. ಆದರೆ ಒಂದು ಕಡೆ ಜಮೆಯಾಗಿದ್ದರೆ ಇನ್ನೊಂದು ಕಡೆ ಖರ್ಚಾಗಿರಲೇಬೇಕು. ಮಗ್ಗುಲಿನ ಎತ್ತರ 112ರಿಂದ 90ಕ್ಕೆ ಇಳಿದಿದೆ. ಕಬ್ಬಿಣಕ್ಕೆ ಜಮೆ, ಗಾಳಿಗೆ ಖರ್ಚು" ಎಂದರು.

ರಿಮ್ಮು ಕಬ್ಬಿಣದ್ದಲ್ಲ, ಅಲ್ಯೂಮಿನಿಯಂ ಮಿಶ್ರಲೋಹದ್ದು. ಆದರೆ ಅವರ ಮಾತಿನ ತಿರುಳಿನಲ್ಲಿ ತಪ್ಪಿರಲಿಲ್ಲ. ಗಾಡಿಯ ಭಾರವನ್ನು ಹೊರುವುದು ಬಹುಮಟ್ಟಿಗೆ ರಬ್ಬರಲ್ಲ, ಅದರೊಳಗೆ ಬಂಧಿತವಾದ ಗಾಳಿ. ಈ ಉಪಾಯಕ್ಕೆ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬವನು 1845ರಲ್ಲಿಯೇ ಇಂಗ್ಲೆಂಡಿನಲ್ಲಿ ಹಕ್ಕುಪತ್ರವನ್ನು ಪಡೆದಿದ್ದನು. ಆದರೆ ಅದು ಬಳಕೆಗೆ ಬಾರದೆ ಮರೆತುಹೋಯಿತು. ಅದನ್ನು ಎರಡನೆಯ ಸಲ ಕಂಡುಹಿಡಿದವನು ಜಾನ್ ಬಾಯ್ಡ್ ಡನ್ಲಪ್, ಬೆಲ್‌ಫಾಸ್ಟಿನಲ್ಲಿದ್ದ ಒಬ್ಬ ಪಶುವೈದ್ಯ. ತನ್ನ ಬಾಲಕನ ಮೂರು ಗಾಲಿಯ ಸೈಕಲ್ಲು ಕಲ್ಲುಹಾಸಿನ ಮೇಲೆ ಕುಲುಕುವುದನ್ನು ಕಂಡು, ಗಾಳಿ ತುಂಬಿದ ರಬ್ಬರಿನ ಕೊಳವೆಯನ್ನು ಅದರ ಗಾಲಿಗಳಿಗೆ ಅಳವಡಿಸಿದನು. 1888ರಲ್ಲಿ ಅವನಿಗೆ ಹಕ್ಕುಪತ್ರವು ದೊರೆಯಿತು. ಮಗುವಿನ ಸವಾರಿ ಸುಖವಾಗಿರಲೆಂದು ತಂದೆಯೊಬ್ಬನು ಗಾಲಿಯೊಳಗೆ ತುಂಬಿದ ಗಾಳಿಯನ್ನು ಇಂದಿನವರು ಅಂದಕ್ಕಾಗಿ ಮಿಲಿಮೀಟರು ಮಿಲಿಮೀಟರಾಗಿ ಹೊರಹಾಕುತ್ತಿದ್ದಾರೆ.

ಹಾಗೆಂದು ತೆಳುವಾದ ಮಗ್ಗುಲಿಗೆ ಗುಣವೇ ಇಲ್ಲವೆನ್ನುವುದು ಅನ್ಯಾಯ. ಒಣಗಿದ ನುಣುಪಾದ ರಸ್ತೆಯಲ್ಲಿ ಅದು ಬಳುಕುವುದು ಕಡಿಮೆ. ತಿರುಗುಚಕ್ರದ ಅಪ್ಪಣೆಯನ್ನು ಒಡನೆಯೇ ಪಾಲಿಸುತ್ತದೆ. ಓಟದ ಪ್ರಿಯರು ಅದನ್ನು ಮೆಚ್ಚುವುದು ಅದಕ್ಕಾಗಿಯೇ. ಆದರೆ ಘಾಟಿಯ ರಸ್ತೆಯಲ್ಲಿ ಮಳೆಗಾಲದ ಗುಂಡಿಯು ನೀರಿನಡಿಯಲ್ಲಿ ಅಡಗಿ ಕುಳಿತಿರುತ್ತದೆ. ಅದಕ್ಕೆ ಗಾಲಿಯು ಬಡಿದಾಗ ಎತ್ತರವಾದ ಮಗ್ಗುಲು ಬಾಗಿ ಪೆಟ್ಟನ್ನು ನುಂಗುತ್ತದೆ. ತೆಳುವಾದುದು ನುಂಗಲಾರದೆ ರಿಮ್ಮಿಗೆ ದಾಟಿಸುತ್ತದೆ. ರಿಮ್ಮು ಸೊಟ್ಟಗಾಗುತ್ತದೆ, ಇಲ್ಲವೆ ಟಯರಿನ ಮಗ್ಗುಲು ಬಾವು ಬಂದಂತೆ ಉಬ್ಬಿಕೊಳ್ಳುತ್ತದೆ. ಅಗಲವಾದ ಟಯರು ಹಿಡಿತವನ್ನು ಇಮ್ಮಡಿ ಮಾಡುವುದೆಂಬುದೂ ಭ್ರಮೆ. ನೆಲವನ್ನು ಮುಟ್ಟುವ ಜಾಗವು ಮುಖ್ಯವಾಗಿ ಭಾರವನ್ನೂ ಗಾಳಿಯ ಒತ್ತಡವನ್ನೂ ಅನುಸರಿಸಿದ್ದು. 1,300 ಕಿಲೋಗ್ರಾಂ ತೂಗುವ ಗಾಡಿಗೆ ಚದರಂಗುಲಕ್ಕೆ 32 ಪೌಂಡಿನ ಗಾಳಿಯಿದ್ದರೆ, ಒಂದೊಂದು ಟಯರು ಮುಟ್ಟುವುದು ಒಂದು ಅಂಗೈಯಷ್ಟು ನೆಲವನ್ನು. ನಾಲ್ಕೂ ಸೇರಿದರೆ ತೆರೆದಿಟ್ಟ ಒಂದು ಪುಸ್ತಕದಷ್ಟು. ಟಯರು ಅಗಲವಾದರೆ ಆ ಅಂಗೈಯು ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುವುದು. ನಿಂತ ನೀರಿನ ಮೇಲೆ ಅಂಥ ಅಡ್ಡವಾದ ಗಾಲಿಯು ಕಿರಿದಾದುದಕ್ಕಿಂತ ಬೇಗನೆ ತೇಲುತ್ತದೆ.

ಭಾರದ ಅಂಕೆಯನ್ನೂ ತಂದೆಯವರು ಬಿಡಲಿಲ್ಲ. 18 ಅಂಗುಲದ ಆ ಅಳತೆಯಲ್ಲಿ ಸಾಧಾರಣ ಟಯರಿನ ಸಂಕೇತ 88. ಅದು ಹೊರುವುದು 560 ಕಿಲೋಗ್ರಾಂ. ಮೊದಲಿನದಕ್ಕಿಂತ ಗಾಲಿಗೆ 55 ಕಡಿಮೆ, ನಾಲ್ಕಕ್ಕೂ ಸೇರಿ 220 ಕಡಿಮೆ. ಅದನ್ನೇ ಕೊಳ್ಳುವುದಾದರೆ 'ಎಕ್ಸ್‌ಎಲ್' ಎಂಬ ಗುರುತುಳ್ಳ, 92ರ ಸಂಕೇತದ, 630 ಕಿಲೋಗ್ರಾಂ ಹೊರುವ ಬಲಿಷ್ಠವಾದುದನ್ನೇ ಕೇಳಿ ತೆಗೆದುಕೊಳ್ಳಬೇಕೆಂದು ಅಂಗಡಿಯವನು ಒಪ್ಪಿಕೊಂಡನು. ಬಳಿಕ ಅವನು, "ಅದೆಲ್ಲ ಇರಲಿ ಯಜಮಾನರೇ. ನಿನ್ನೆ ಜಾರಿದ್ದು ಮುಂದಿನ ಗಾಲಿಯೋ ಹಿಂದಿನದೋ?" ಎಂದು ಕೇಳಿದನು.

ಹಿಂದಿನದೆಂದು ತಿಳಿದ ಮೇಲೆ ಅವನು ಹಿಂದಿನ ಟಯರಿನ ಗೆರೆಗಳಲ್ಲಿ ಅಳತೆಗೋಲನ್ನು ಇಳಿಸಿದನು. ಹೊಸದರಲ್ಲಿ ಸುಮಾರು 8 ಮಿಲಿಮೀಟರು ಇರುವ ಆಳವು ಇಲ್ಲಿ 2ಕ್ಕೆ ಬಂದಿದ್ದಿತು. ಕಾನೂನಿನ ಕನಿಷ್ಠ ಮಿತಿ 1.6, ಗೆರೆಗಳ ತಳದಲ್ಲಿ ಅಡ್ಡಲಾಗಿರುವ ಸಣ್ಣ ದಿಣ್ಣೆಗಳು ಆ ಮಿತಿಯನ್ನು ತೋರಿಸಲೆಂದೇ ಇರುವಂಥವು. ರಬ್ಬರು ಸವೆದು ಆ ದಿಣ್ಣೆಗಳಿಗೆ ಸಮವಾಯಿತೆಂದರೆ ಟಯರಿನ ಆಯುಸ್ಸು ಮುಗಿದಂತೆ. ಮಳೆಯ ನೀರಾದರೋ ಅಷ್ಟರವರೆಗೆ ಕಾಯುವುದಿಲ್ಲ. ಗೆರೆಯು 3 ಮಿಲಿಮೀಟರಿಗೆ ಇಳಿಯುವಷ್ಟರಲ್ಲೇ ನೀರನ್ನು ಹೊರದೂಡುವ ಶಕ್ತಿಯು ಬಹಳ ಕುಗ್ಗಿರುತ್ತದೆ. ಮಗ್ಗುಲಿನ ಮೇಲೆ ಡಿಓಟಿ ಎಂದು ಮೊದಲಾಗುವ ಸಾಲಿನ ಕೊನೆಯಲ್ಲಿ 2319 ಎಂಬ ಅಂಕೆಯಿದ್ದಿತು. 2019ರ 23ನೆಯ ವಾರದಲ್ಲಿ ತಯಾರಾದುದೆಂದು ಅದರ ಅರ್ಥ. ಮುಂದಿನವು ಮಾತ್ರ ಹಿಂದಿನ ವರ್ಷ ಹಾಕಿಸಿದವು, ಗೆರೆಗಳು ಆಳವಾಗಿಯೇ ಇದ್ದವು.

"ಹೊಸ ಜೋಡಿಯನ್ನು ಹಿಂದಕ್ಕೆ ಹಾಕಿಸಬೇಕಾಗಿತ್ತು ಸ್ವಾಮಿ. ಮುಂದಿನ ಗಾಲಿ ಜಾರಿದರೆ ಕೈಗೆ ತಿಳಿಯುತ್ತದೆ, ವೇಗ ತಗ್ಗಿಸಬಹುದು. ಹಿಂದಿನದು ಜಾರಿದರೆ ಗಾಡಿ ತಿರುಗಿಯೇ ಬಿಡುತ್ತದೆ" ಎಂದನು ಅಂಗಡಿಯವನು.

ಮಗನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಆಮೇಲೆ, "ನಾಲ್ಕನ್ನೂ ಬದಲಾಯಿಸಿ ಎಂದು ಅವರು ಆಗಲೇ ಹೇಳಿದ್ದರು. ಎರಡು ಸಾಕು, ಎಳೆಯುವ ಗಾಲಿಗಳು ಮುಂದಿನವು, ಅಲ್ಲಿಗೇ ಹಾಕಿ ಎಂದವನು ನಾನೇ. ಉಳಿದ ಹಣವನ್ನು ರಿಮ್ಮಿಗೆಂದು ಇಟ್ಟುಕೊಂಡಿದ್ದೆ" ಎಂದನು. ಈ ಮಾತನ್ನು ಹೇಳುವಾಗ ಅವನು ತಂದೆಯ ಮುಖವನ್ನು ನೋಡಲಿಲ್ಲ. ತಂದೆಯವರೂ ಬೈಯಲಿಲ್ಲ. ಸಂಪಾಜೆಯ ತಿರುವಿನಲ್ಲಿ ಅವನಿಗೆ ಆಗಬೇಕಾದ ಉಪದೇಶವು ಆಗಿಹೋಗಿದ್ದಿತು. ಅವರು ಪತ್ರಿಕೆಯನ್ನು ಮಡಿಸುತ್ತ, "ಹಾಗಾದರೆ ಈಗ ಬೇಕಾದುದೆಷ್ಟು?" ಎಂದು ಮಾತ್ರ ಕೇಳಿದರು.

ಬೇಕಾದುದು ಎರಡೇ ಟಯರು. ಮುಂದಿನವುಗಳ ಅಳತೆಯೇ, ಅವುಗಳ ಗೆರೆಯ ಮಾದರಿಯೇ, 91 ವಿ ಎಂಬ ಸಂಕೇತವೇ ಇರುವ, ಅದೇ ವರ್ಷ ತಯಾರಾದ ಒಂದು ಜೊತೆಯನ್ನು ಆರಿಸಿ ಹಿಂದಿನ ಗಾಲಿಗಳಿಗೆ ಹಾಕಿಸಿದರು. ಹದಿನೆಂಟು ಅಂಗುಲದ ರಿಮ್ಮು ಗೋಡೆಯ ಮೇಲೆಯೇ ಉಳಿಯಿತು. ಹೊರಡುವಾಗ ಮಗನು ಅದನ್ನು ಒಮ್ಮೆ ತಿರುಗಿ ನೋಡಿದನೆಂಬುದೂ ನಿಜ. ಆಸೆಯು ಲೆಕ್ಕದಿಂದ ಸೋಲುವುದುಂಟು, ಸಾಯುವುದಿಲ್ಲ.

ಎರಡು ದಿನಗಳ ಮೇಲೆ ಅವರು ಅದೇ ಘಾಟಿಯನ್ನು ಹತ್ತಿ ಮೈಸೂರಿಗೆ ಮರಳಿದರು. ಅಂದೂ ಮಳೆಯಿದ್ದಿತು. ಆ ತಿರುವು ಬಂದಾಗ ಮಗನು ವೇಗವನ್ನು ಬಹಳ ಮೊದಲೇ ತಗ್ಗಿಸಿದನು. ಟಯರು ಹೊಸದಾದರೂ ಕಣಿವೆಯು ಹಳೆಯದೇ ಅಷ್ಟೆ. ಮಗುವು ಕಿಟಕಿಯ ಗಾಜಿಗೆ ಮೂಗನ್ನು ಒತ್ತಿಕೊಂಡು ಜಲಪಾತಗಳನ್ನು ಎಣಿಸುತ್ತಿದ್ದಿತು. ಮದುವೆಯ ಪತ್ರಿಕೆಯು ಈಗ ಗಾಡಿಯ ಮುಂದಿನ ಪೆಟ್ಟಿಗೆಯಲ್ಲಿದೆ. ಅದರ ಬೆನ್ನಿನಲ್ಲಿ ಲೆಕ್ಕದ ಕೆಳಗೆ, ತಿಂಗಳಿಗೊಂದು ಸಾಲಿನಂತೆ, ನಾಲ್ಕು ಗಾಲಿಗಳ ಗಾಳಿಯ ಒತ್ತಡವೂ ಗೆರೆಯ ಆಳವೂ ತಾರೀಖಿನೊಡನೆ ಬರೆದಿವೆ. ಮೊದಲಿನ ಮೂರು ಸಾಲುಗಳು ತಂದೆಯ ಅಕ್ಷರದಲ್ಲಿವೆ, ಮುಂದಿನವು ಮಗನವು.