ಪ್ರೊಫೈಲಿಗೊಂದು ಮುಖ

ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲೋ ಮುಂಡರಗಿಯಲ್ಲೋ ಕೊನೆಯ ವರ್ಷ ಓದುತ್ತಿರುವ ಹುಡುಗಿಯೊಬ್ಬಳು ಲಿಂಕ್ಡ್‌ಇನ್‌ನಲ್ಲಿ ಖಾತೆ ತೆರೆದಳೆಂದು ಇಟ್ಟುಕೊಳ್ಳೋಣ. ಹೆಸರು, ಕಾಲೇಜು, ಮಾಡಿದ ಪ್ರಾಜೆಕ್ಟು, ಕಲಿತ ಸಾಫ್ಟ್‌ವೇರು ಎಲ್ಲ ತುಂಬಿಯಾಯಿತು. ಉಳಿದದ್ದು ಮೇಲ್ಗಡೆಯ ದುಂಡನೆಯ ಜಾಗ. ಅಲ್ಲಿ ಇನ್ನೂ ತಲೆ, ಭುಜ ಮಾತ್ರ ಇರುವ ಬೂದುಬಣ್ಣದ ಆಕೃತಿಯೇ ಇದೆ. ಫೋಟೊ ಹಾಕಬೇಕೋ ಬೇಡವೋ ಎಂಬುದನ್ನು ಅವಳೊಬ್ಬಳೇ ತೀರ್ಮಾನಿಸುವಂತಿಲ್ಲ, ಮನೆಮಂದಿಯೆಲ್ಲ ಮಾತಿಗೆ ಕೂಡುತ್ತಾರೆ. “ಬ್ಯಾಡವ್ವಾ, ಯಾರ ಕೈಗೆ ಸಿಗತೈತೋ, ಏನ್ ಮಾಡ್ತಾರೋ” ಅನ್ನುತ್ತಾಳೆ ಅವ್ವ. “ಫೋಟೊ ಇರಲಿಲ್ಲಂದ್ರ ಕಂಪನಿಯವ್ರು ತಗದೂ ನೋಡೂದಿಲ್ಲ ಬೇ” ಎಂದು ಬೆಂಗಳೂರಿನಿಂದ ಅಣ್ಣ ಫೋನಿನಲ್ಲೇ ವಾದ ಹೂಡುತ್ತಾನೆ. ಇಬ್ಬರ ಮಾತಿನಲ್ಲೂ ಹುರುಳಿದೆ.

ಅವ್ವನ ಅಂಜಿಕೆಯನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವುದು ಅನ್ಯಾಯ. ವಾಟ್ಸ್ಯಾಪ್ ಡಿಪಿಯಲ್ಲಿ ಗುಲಾಬಿ ಹೂವು, ಅಕ್ಕಮಹಾದೇವಿಯ ಚಿತ್ರ, ಅಕ್ಕನ ಮಗು ಇಟ್ಟುಕೊಂಡ ಹೆಣ್ಣುಮಕ್ಕಳು ಈ ಭಾಗದಲ್ಲಿ ಎಷ್ಟೋ ಮಂದಿ. ಇದು ಇಡೀ ದೇಶದ ಮಾತೆಂದು ಫೇಸ್‌ಬುಕ್ಕಿಗೂ ಗೊತ್ತಾಗಿತ್ತು. ದುರುಪಯೋಗದ ಭಯಕ್ಕೆ ಭಾರತದ ಮಹಿಳೆಯರು ಮುಖದ ಫೋಟೊ ಹಾಕಲು ಹಿಂಜರಿಯುತ್ತಾರೆಂದು ತಿಳಿದು, 2017ರ ಜೂನ್‌ನಲ್ಲಿ ಅದು ಪ್ರೊಫೈಲ್ ಚಿತ್ರಕ್ಕೆ ಕಾವಲು ಹಾಕುವ ಸೌಲಭ್ಯವನ್ನು ಮೊದಲು ಭಾರತದಲ್ಲೇ ತಂದಿತು. ಕಾವಲಿಟ್ಟ ಚಿತ್ರವನ್ನು ಬೇರೆಯವರು ಡೌನ್‌ಲೋಡ್ ಮಾಡುವಂತಿರಲಿಲ್ಲ, ಹಂಚುವಂತಿರಲಿಲ್ಲ. ಸುತ್ತ ನೀಲಿ ಅಂಚು, ಕೆಳಗೊಂದು ಗುರಾಣಿಯ ಗುರುತು. ಆರು ವರ್ಷ ಕಳೆದು 2023ರ ನವೆಂಬರ್‌ನಲ್ಲಿ, ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಯುವತಿಯ ವಿಡಿಯೊಗೆ ಅಂಟಿಸಿದ ಡೀಪ್‌ಫೇಕ್ ಊರೂರು ಹರಿದಾಡಿತು. ಹೆಸರಾಂತ ನಟಿಗೆ ಆದದ್ದು ತನ್ನ ಮಗಳಿಗೂ ಆಗಬಹುದೆಂದು ಶಿರಹಟ್ಟಿಯ ತಾಯಿ ಲೆಕ್ಕ ಹಾಕಿದರೆ ಆ ಲೆಕ್ಕ ಸರಿಯಾಗಿಯೇ ಇದೆ. ನಟಿಯ ಪರವಾಗಿ ಮಾತನಾಡಲು ದೇಶವೇ ನಿಂತಿತ್ತು. ಶಿರಹಟ್ಟಿಯ ಹುಡುಗಿಯ ಪರವಾಗಿ ನಿಲ್ಲುವವರು ಮನೆಯವರಷ್ಟೇ. ಅಂಥ ಪ್ರಸಂಗ ಬಂದರೆ 1930ಕ್ಕೆ ಕರೆ ಮಾಡಬೇಕೆಂಬುದು, ಅದು ಸೈಬರ್ ಅಪರಾಧದ ರಾಷ್ಟ್ರೀಯ ಸಹಾಯವಾಣಿ ಎಂಬುದು, ಮನೆಮನೆಯಲ್ಲೂ ಗೊತ್ತಿರಬೇಕಾದ ಸಂಗತಿ.

ಇನ್ನು ಅಣ್ಣನ ವಾದ. ಲಿಂಕ್ಡ್‌ಇನ್ ಶುರುವಾದದ್ದು 2003ರ ಮೇ ತಿಂಗಳಲ್ಲಿ. ಫೋಟೊ ಹಾಕುವ ಸೌಲಭ್ಯ ಬಂದದ್ದು 2007ರಲ್ಲಿ. ನಡುವಿನ ವರ್ಷಗಳಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡದೆಯೇ ಅಲ್ಲಿ ಪರಿಚಯ ಬೆಳೆಸಿದರು, ಕೆಲಸವನ್ನೂ ಹುಡುಕಿದರು. ಫೋಟೊ ಇರುವ ಪ್ರೊಫೈಲನ್ನು 21 ಪಟ್ಟು ಹೆಚ್ಚು ಜನ ನೋಡುತ್ತಾರೆಂದು ಕಂಪನಿ ಈಗ ಹೇಳಿಕೊಳ್ಳುತ್ತದೆ. ಇರಬಹುದು. ಆದರೆ ನೋಡುವುದು ಬೇರೆ, ಕೆಲಸ ಕೊಡುವುದು ಬೇರೆ. ಒಂದು ಮುಖವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಕಂಡರೂ ಸಾಕು, ಈತ ನಂಬಿಕಸ್ಥನೋ ಅಲ್ಲವೋ ಎಂದು ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ ಎಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜನೈನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ 2006ರಲ್ಲೇ ತೋರಿಸಿದ್ದರು. ನಾಲ್ಕು ವರ್ಷದ ಓದು ಕೆಳಗಿನ ಸಾಲುಗಳಲ್ಲಿ ಕಾಯುತ್ತಿರುತ್ತದೆ, ತೀರ್ಪು ಮೇಲಿನ ವೃತ್ತದಲ್ಲೇ ಮುಗಿದಿರುತ್ತದೆ.

ಇಸ್ರೇಲಿನಲ್ಲಿ ನಡೆದ ಒಂದು ಪ್ರಯೋಗ ಇದಕ್ಕಿಂತ ಕಣ್ಣು ತೆರೆಸುವಂಥದ್ದು. ಅಲ್ಲಿ ಬಯೋಡೇಟಾಕ್ಕೆ ಫೋಟೊ ಹಚ್ಚುವುದು ಅರ್ಜಿದಾರರ ಇಷ್ಟ. ಬ್ರಾಡ್ಲಿ ರಫಲ್ ಮತ್ತು ಜೀವ್ ಶ್ಟುಡಿನರ್ ಎಂಬ ಅರ್ಥಶಾಸ್ತ್ರಜ್ಞರು ಐದು ಸಾವಿರಕ್ಕೂ ಹೆಚ್ಚು ಬಯೋಡೇಟಾಗಳನ್ನು ಕಂಪನಿಗಳಿಗೆ ಕಳಿಸಿದರು. ಕೆಲವಕ್ಕೆ ಚೆಲುವಾದ ಮುಖ, ಕೆಲವಕ್ಕೆ ಸಾಧಾರಣ ಮುಖ, ಕೆಲವಕ್ಕೆ ಫೋಟೊವೇ ಇಲ್ಲ. ಚೆಲುವ ಗಂಡಸರಿಗೆ ಕರೆಗಳು ಹೆಚ್ಚು ಬಂದವು. ಹೆಂಗಸರಲ್ಲಿ ಫಲ ತಿರುವುಮುರುವು: ಫೋಟೊ ಹಾಕದವರಿಗೇ ಎಲ್ಲರಿಗಿಂತ ಹೆಚ್ಚು ಕರೆ. ಚೆಲುವೆಯಾಗಿದ್ದರೂ ಫೋಟೊದಿಂದ ಆಕೆಗೆ ಲಾಭವಾಗಲಿಲ್ಲ. ಇಸ್ರೇಲಿನ ಅಂಕಿಗಳು ಗದಗಿಗೂ ಹೊಂದುತ್ತವೆಂದು ಹೇಳಲಾಗದು. ಆದರೆ ಫೋಟೊ ಹಾಕಿದರೆ ಒಳ್ಳೆಯದೇ ಆಗುತ್ತದೆಂಬ ಅಣ್ಣನ ಖಾತ್ರಿಯನ್ನು ಅಲ್ಲಾಡಿಸಲು ಅವು ಸಾಕು.

ನಮ್ಮಲ್ಲಂತೂ ಮುಖಕ್ಕಿಂತ ಮೊದಲು ಅಡ್ಡಹೆಸರೇ ಮಾತಾಡುತ್ತದೆ. ಪಾಟೀಲ, ಕುಲಕರ್ಣಿ, ಬಡಿಗೇರ, ಹೂಗಾರ, ನದಾಫ, ಮುಲ್ಲಾ: ಉತ್ತರ ಕರ್ನಾಟಕದಲ್ಲಿ ಇವನ್ನು ಕೇಳಿದ ಕೂಡಲೇ ಕೇಳಿದವರು ಮನೆತನದವರೆಗೂ ಹೋಗಿ ಬಂದುಬಿಡುತ್ತಾರೆ. ಸಂಶೋಧಕರಾದ ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓದು ಒಂದೇ ಬಗೆಯದಿದ್ದರೂ ದಲಿತರ, ಮುಸ್ಲಿಮರ ಹೆಸರಿನ ಅರ್ಜಿಗಳಿಗೆ ಖಾಸಗಿ ಕಂಪನಿಗಳಿಂದ ಬಂದ ಉತ್ತರ ಕಡಿಮೆ. ಹೆಸರೊಂದೇ ಇಷ್ಟು ಮಾಡುವಾಗ ಅದರ ಪಕ್ಕ ಮುಖವೂ ಬಂದರೆ ಮೈಬಣ್ಣ, ಹಣೆಯ ವಿಭೂತಿ, ತಲೆಯ ಮೇಲಿನ ಟೋಪಿ, ಹಿಜಾಬು, ವಯಸ್ಸು ಎಲ್ಲವೂ ತಕ್ಕಡಿಗೆ ಬೀಳುತ್ತವೆ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಫಕೀರ, ಈಶ್ವರ ಎರಡೂ ಒಂದೇ ಹೆಸರಿನಲ್ಲಿ ಕೂಡಿವೆ. ಅಂಥ ಊರಿನ ಹುಡುಗನ ಪಟವನ್ನು ದೂರದ ನಗರದ ಅಪರಿಚಿತನೊಬ್ಬ ಕಣ್ಣಳತೆಯಲ್ಲೇ ಯಾವುದೋ ಒಂದು ಪಂಗಡಕ್ಕೆ ಹಾಕಿಬಿಡುತ್ತಾನಲ್ಲ, ಸಂಕಟವಾಗುವುದು ಅಲ್ಲಿ.

ಪರಿಚಯದಿಂದ ಬದುಕು ಕಟ್ಟಿಕೊಳ್ಳುವ ವಿದ್ಯೆ ಈ ಸೀಮೆಗೆ ಹೊಸದೇನಲ್ಲ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಸಹಕಾರ ಸಂಘ ಹುಟ್ಟಿತು. ದೇಶದ ಸಹಕಾರ ಚಳವಳಿಯ ಮೊದಮೊದಲ ಸಂಘಗಳಲ್ಲಿ ಅದೂ ಒಂದು. ಹಿಂದಿನ ವರ್ಷ ಬಂದ ಕಾಯ್ದೆ ಒಂದೇ ಊರಿನ ಜನ ಕೂಡಿ ಸಂಘ ಕಟ್ಟಬೇಕೆಂದು ಬಯಸಿತ್ತು. ಹಳ್ಳಿಯ ಸಂಘದಲ್ಲಿ ಒಬ್ಬ ಸಾಲ ತೀರಿಸದಿದ್ದರೆ ಹೊಣೆ ಎಲ್ಲ ಸದಸ್ಯರದು. ಹಾಗಾಗಿ ಯಾರು ಹೊತ್ತಿಗೆ ಸರಿಯಾಗಿ ಬಿತ್ತುತ್ತಾನೆ, ಯಾರು ಮಾತಿಗೆ ತಪ್ಪುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿರಲೇಬೇಕಿತ್ತು. ಆ ನಂಬಿಕೆಯ ಆಧಾರ ನಡವಳಿಕೆ. ಮುಖ ಕಂಡರೂ ಅದು ವರ್ಷಗಟ್ಟಲೆ ಕಂಡ ಮುಖ. ಇಂದು ಒಂದು ಪುಟ್ಟ ಚಿತ್ರ ಆ ವರ್ಷಗಳ ಕೆಲಸವನ್ನೆಲ್ಲ ಕ್ಷಣದಲ್ಲಿ ಮಾಡಬೇಕೆಂದು ಕೇಳುವುದು ಅದರ ಮೇಲೆ ಹೊರಲಾರದ ಭಾರ ಹೊರಿಸಿದಂತೆ.

ಚಿತ್ರ ಆ ಭಾರವನ್ನು ಹೊರಲಾರದು ಎಂಬುದಕ್ಕೆ ಸಾಕ್ಷಿಯೂ ಇದೆ. ಕಂಪ್ಯೂಟರೇ ಹುಟ್ಟಿಸಿದ, ಭೂಮಿಯ ಮೇಲೆ ಯಾರದೂ ಅಲ್ಲದ ಮುಖಗಳನ್ನು ಹೊತ್ತ ಸಾವಿರಕ್ಕೂ ಹೆಚ್ಚು ಲಿಂಕ್ಡ್‌ಇನ್ ಪ್ರೊಫೈಲುಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪತ್ತೆ ಹಚ್ಚಿದ ಸುದ್ದಿ 2022ರ ಮಾರ್ಚ್‌ನಲ್ಲಿ ಹೊರಬಂತು. ಫೋಟೊ ಇದ್ದ ಮಾತ್ರಕ್ಕೆ ಅದರ ಹಿಂದೆ ಮನುಷ್ಯ ಇದ್ದಾನೆಂಬ ಖಾತ್ರಿಯೂ ಈಗ ಉಳಿದಿಲ್ಲ.

ಮುಖಕ್ಕಿಂತ ಮೊದಲು ಕೆಲಸವೇ ತಲುಪಿದ್ದಕ್ಕೆ ಗದಗಿನಲ್ಲೇ ಉದಾಹರಣೆ ಇದೆ. ಇಲ್ಲಿ ಬೆಳೆದ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಹಾಗೆ ಹೊರಡಿಸಿದ್ದು ಗ್ರಾಮಫೋನ್ ತಟ್ಟೆಯಲ್ಲಿ ಕೇಳಿದ ಅಬ್ದುಲ್ ಕರೀಂ ಖಾನರ ದನಿ. ಇದೇ ಊರಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ಬಳಿಕ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸಂಗೀತ ಕಲಿಸಿ ಅನ್ನದ ದಾರಿ ಮಾಡಿಕೊಟ್ಟರು. 2010ರಲ್ಲಿ ತೀರಿಕೊಂಡ ಪುಟ್ಟರಾಜರ ಪಟವನ್ನು ಗದಗಿನ ಅಂಗಡಿಗಳ ಗೋಡೆಯ ಮೇಲೆ ಇಂದಿಗೂ ಕಾಣಬಹುದು. ತಾವೂ ಕಣ್ಣಿಲ್ಲದವರಾಗಿದ್ದ ಅವರು ಅದರಲ್ಲಿ ಒಂದನ್ನೂ ಕಂಡವರಲ್ಲ. ಕಣ್ಣಿಲ್ಲದ ಯುವ ಗಾಯಕನೊಬ್ಬ ಇಂದು ಪ್ರೊಫೈಲು ತೆರೆದರೆ ಯಾವ ಫೋಟೊ ಚೆನ್ನಾಗಿದೆಯೆಂದು ಇನ್ನೊಬ್ಬರು ಹೇಳಬೇಕು. ಎರಡು ನಿಮಿಷದ ಆಲಾಪವನ್ನು ಮಾತ್ರ ಆತ ತಾನೇ ಕೇಳಿ, ತಾನೇ ಆರಿಸಿ ಹಾಕಬಲ್ಲ. ಅವನ ಪ್ರೊಫೈಲಿನಲ್ಲಿ ಮೊದಲು ಇರಬೇಕಾದದ್ದು ಅದೇ.

ಹಾಗಾದರೆ ಫೋಟೊ ಬೇಡವೇ? ಹಾಗೆ ಹೇಳುವಂತಿಲ್ಲ. ವಿಮೆ ಮಾರುವವರು, ಪಾಠ ಹೇಳುವವರು, ದಿನವೂ ಹೊಸ ಜನರನ್ನು ಭೇಟಿಯಾಗುವವರು ಮುಖ ತೋರಿಸಿದರೆ ಮಾತು ಸಲೀಸಾಗುತ್ತದೆ. ಒಮ್ಮೆ ಸಭೆಯಲ್ಲಿ ಕಂಡವರನ್ನು ಮತ್ತೆ ಗುರುತು ಹಿಡಿಯಲೂ ಅದು ಬೇಕು. ಕಪ್ಪತಗುಡ್ಡದ ಸುತ್ತಲಿನ ಗಾಳಿಯಂತ್ರಗಳಲ್ಲಿ ದುಡಿಯುವ ಐಟಿಐ ಹುಡುಗ ಹೆಲ್ಮೆಟ್ಟು, ಬೆಲ್ಟು ಹಾಕಿಕೊಂಡು ಯಂತ್ರದ ಬುಡದಲ್ಲಿ ನಿಂತ ಚಿತ್ರದಲ್ಲಿ ಅವನ ಮುಖವೂ ಇದೆ, ಕಸುಬೂ ಇದೆ. ಬೆಟಗೇರಿಯ ನೇಕಾರ ಮುಖದ ಹಿಂದಿನ ಅಗಲವಾದ ಪಟ್ಟಿಯಲ್ಲಿ ಮಗ್ಗದ ಮೇಲಿನ ಸೀರೆಯನ್ನೇ ತುಂಬಬಹುದು. ಕೆಡುವುದು ಅವಸರಕ್ಕೆ ಹಾಕಿದ ಚಿತ್ರ: ಗೆಳೆಯನ ಮದುವೆಯ ಗುಂಪಿನಿಂದ ಕತ್ತರಿಸಿದ್ದು, ಹೆಗಲ ಮೇಲೆ ಯಾರದೋ ಕೈಬೆರಳು ಹಾಗೇ ಉಳಿದದ್ದು. ಅದಕ್ಕಿಂತ ಸ್ಟುಡಿಯೊಗೆ ಹೋಗಿ, “ಗದ್ದ ಸ್ವಲ್ಪ ಕೆಳಗ ಮಾಡ್ರಿ, ಹಾಂ, ಅಲ್ಲಾಡಬ್ಯಾಡ್ರಿ” ಎನ್ನುವವರ ಮುಂದೆ ಕೂತು ಬರುವುದು ಮೇಲು. ನಾಲ್ಕು ನೂರು ಪಿಕ್ಸೆಲ್ ಉದ್ದಗಲದ ಚಿತ್ರವಾದರೂ ಲಿಂಕ್ಡ್‌ಇನ್‌ಗೆ ನಡೆಯುತ್ತದೆ.

ಅವ್ವನಿಗೂ ಅಣ್ಣನಿಗೂ ಒಪ್ಪಿಗೆಯಾಗುವ ದಾರಿ ಸೆಟ್ಟಿಂಗಿನೊಳಗೇ ಇದೆ. ಫೋಟೊ ಯಾರಿಗೆ ಕಾಣಬೇಕೆಂದು ಖಾತೆದಾರರೇ ಗೊತ್ತು ಮಾಡಬಹುದು: ನೇರ ಪರಿಚಯದವರಿಗಷ್ಟೇ, ಅವರ ಪರಿಚಯದವರಿಗೂ, ಸದಸ್ಯರಿಗೆಲ್ಲ, ಇಲ್ಲವೇ ಅಂತರ್ಜಾಲದಲ್ಲಿ ಹುಡುಕುವ ಯಾರಿಗಾದರೂ. ಮೊದಲು ನೇರ ಪರಿಚಯದವರಿಗಷ್ಟೇ ತೋರಿಸಿ, ಬಂದ ಕೋರಿಕೆಗಳನ್ನು ಹೆಸರು, ಕಂಪನಿ ನೋಡಿ ಒಪ್ಪುತ್ತ ಹೋಗುವುದು ಒಳ್ಳೆಯದು. ಕೆಲಸ ಸಿಕ್ಕು ಧೈರ್ಯ ಬಂದ ಮೇಲೆ ಬೇಕಾದರೆ ಬಾಗಿಲನ್ನು ಇನ್ನಷ್ಟು ತೆರೆದರಾಯಿತು. ಮುಖ ಅವಳದು. ಎಷ್ಟು ಜನರಿಗೆ, ಯಾವಾಗ ತೋರಿಸಬೇಕೆಂಬ ಹಕ್ಕೂ ಅವಳದೇ.

ಬದಲಾಗಬೇಕಾದವರು ನೋಡುವವರೂ ಹೌದು. ದಕ್ಷಿಣ ಕೊರಿಯಾದಲ್ಲಿ ಅರ್ಜಿಗೆ ಫೋಟೊ ಹಚ್ಚುವುದು ನಮ್ಮಲ್ಲಿದ್ದಷ್ಟೇ ರೂಢಿಯಾಗಿತ್ತು. 2017ರಲ್ಲಿ ಅಲ್ಲಿನ ಸರ್ಕಾರ ಸಾರ್ವಜನಿಕ ಸಂಸ್ಥೆಗಳ ನೇಮಕಾತಿ ಅರ್ಜಿಗಳಿಂದ ಅದನ್ನು ತೆಗೆಸಿತು. ಇಲ್ಲಿ ಅಷ್ಟು ದೊಡ್ಡ ಆದೇಶಕ್ಕೆ ಕಾಯಬೇಕಿಲ್ಲ. ಗದಗ, ಲಕ್ಷ್ಮೇಶ್ವರ, ಹುಲಕೋಟಿಗಳಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗದವರು ಮಕ್ಕಳ ಪ್ರೊಫೈಲು ತಿದ್ದಿಕೊಡುವಾಗ “ಫೋಟೊ ಇಷ್ಟವಿದ್ದರೆ ಮಾತ್ರ” ಎಂದು ಹೇಳಲಿ, ಆ ವೇಳೆಯನ್ನು ಪ್ರಾಜೆಕ್ಟಿನ ವಿವರ ಚೊಕ್ಕಾಗಿ ಬರೆಸಲು ಬಳಸಲಿ. ಗುರುತಿಗೆ ಮುಖ ಬೇಕೇ ಬೇಕೆನ್ನುವ ಕಂಪನಿ ಅದನ್ನು ಸಂದರ್ಶನದ ದಿನ ಎದುರಿಗೇ ನೋಡಬಹುದು.