ಅಮ್ಮಿ ಕಂಡ ನಾಲ್ಕನೇ ಸಾಲು

ನಿಪ್ಪಾಣಿಯ ನಮ್ಮ ಓಣಿಯ ಬಹಳ ಮನೆಗಳಂತೆ ನಮ್ಮಲ್ಲೂ ಬೀಡಿ ಕಟ್ಟುತ್ತಾರೆ. ಅಮ್ಮಿಯ ಕೂಲಿ ಸಾವಿರ ಬೀಡಿಯ ಲೆಕ್ಕ. ರಜೆಯಲ್ಲಿ ಆ ಲೆಕ್ಕಕ್ಕೆ ಪುಟ್ಟ ಪ್ರೋಗ್ರಾಂ ಬರೆದೆ.

ಪರೀಕ್ಷಿಸಲು ಗರ್ಕಿನ್ ಬಳಸಿದೆ. 2008ರಲ್ಲಿ ಬಂದ ಕ್ಯುಕಂಬರ್ ಸಾಧನದ ಭಾಷೆ ಇದು. ಇದರಲ್ಲಿ ‘ನೀಡಿದ’, ‘ನಂತರ’, ‘ಉದಾಹರಣೆಗಳು’ ಎಂದು ಕನ್ನಡದಲ್ಲೇ ಬರೆಯಬಹುದು. ಸನ್ನಿವೇಶ ಒಂದೇ, ಕೆಳಗಿನ ಕೋಷ್ಟಕದ ಪ್ರತಿ ಸಾಲಿಗೂ ಒಮ್ಮೆ ಪರೀಕ್ಷೆ ನಡೆಯುತ್ತದೆ.

ನಾನು 20 ಸಾಲು ಅಂಕಿ ತುಂಬಿದೆ. ಎಲ್ಲವೂ ಪಾಸ್! ಅಮ್ಮಿಗೆ ತೋರಿಸಿದರೆ, ‘ಬರೀ ಅಂಕಿ, ಏನಂತ ತಿಳೀಬೇಕು?’ ಎಂದರು.

17 ಸಾಲು ಅಳಿಸಿದೆ. ಅವು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದವು. ಉಳಿದ ಮೂರಕ್ಕೆ ಹೆಸರಿಟ್ಟೆ: ಪೂರ್ತಿ ಸಾವಿರ, ಸಾವಿರಕ್ಕೆ ಕಡಿಮೆ, ಕೆಲವು ತಿರಸ್ಕೃತ. ಅಮ್ಮಿ ನಿಧಾನವಾಗಿ ಓದಿ ಕೇಳಿದರು: ‘ಎಲೆ ಕೆಟ್ಟಿದ್ದ ದಿನದ್ದು ಎಲ್ಲಿ? ಅದಕ್ಕೂ ಕೂಲಿ ಮುರೀತಾರಲ್ಲ.’

ಆ ಸಾಲು ಸೇರಿಸಿದೆ. ಪರೀಕ್ಷೆ ಫೇಲಾಯಿತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಆ ಕಡಿತ ನನಗೆ ಗೊತ್ತೇ ಇರಲಿಲ್ಲ.

ಗೆಳೆಯರೇ, ಕೋಷ್ಟಕದ ಪ್ರತಿ ಸಾಲೂ ತಾನು ಯಾಕೆ ಅಲ್ಲಿದೆ ಎಂದು ಹೇಳಬೇಕು. ಆಗ ಬಿಟ್ಟುಹೋದ ಸಾಲು ಕೆಲಸ ಬಲ್ಲವರ ಕಣ್ಣಿಗೆ ಬೀಳುತ್ತದೆ.

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಿಜ್ಞಾನ ವಿಭಾಗ